ರೇವನ್ ನ್ಯಾಬ್‌ಗೆ ಸಾಕ್ಷಿಯಿಲ್ಲ

ಲಿನೆಟ್ ಬರ್ಕೆಟ್‌ಗೆ ಮಾತಾಡಲು ಯಾರೂ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಗಂಡ ಕ್ಲೈವ್ ಅವಳ ಬೂಟುಗಳನ್ನು ಒಲೆಯ ಪಕ್ಕ ಒಣಗಿಸಿಡುತ್ತಿದ್ದ. ಸಂಜೆ ವ್ಯಾನಿನಲ್ಲಿ ಕಣಿವೆಯ ಮೇಲ್ತುದಿಯ ತನಕ ಬಿಟ್ಟು, ಅವಳು ಗುಡ್ಡ ಹತ್ತಿಳಿದು ಬರುವವರೆಗೆ ಎಂಜಿನ್ ಚಾಲೂ ಇಟ್ಟು, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಕಾದು ಕೂತಿರುತ್ತಿದ್ದ. ಬಂದ ಕೂಡಲೇ ಕೇಳುವುದು ಒಂದೇ ಮಾತು: "ಎಷ್ಟಾಯ್ತು?" ಅವಳು ಗಡಿಯಾರ ನೋಡಿ ಹೇಳುವಳು. "ಪರವಾಗಿಲ್ಲ" ಅನ್ನುವನು. ಆಮೇಲೆ ಮನೆಯವರೆಗೂ ವೈಪರಿನ ಸದ್ದು.

ಒಂದು ಜನವರಿಯಲ್ಲಿ ಗುಡ್ಡದ ಮೇಲೆ ಅವಳೊಂದು ಬಿಳಿ ಮೊಲ ಕಂಡಿದ್ದಳು. ಹಿಮದಲ್ಲಿ ಕಿವಿಯ ಕಪ್ಪು ತುದಿ ಮಾತ್ರ ಕಾಣುತ್ತಿತ್ತು. ವ್ಯಾನ್ ಹತ್ತುತ್ತ ಅದನ್ನು ಹೇಳಿದಳು.

"ಅಲ್ಲಿ ನಿಂತ್ಕೊಂಡ್ಯಾ?" ಎಂದ ಕ್ಲೈವ್. "ಅದಕ್ಕೇ ತಡ."

ಇಂಗ್ಲೆಂಡಿನ ಕಂಬ್ರಿಯಾದ ಆ ಕಣಿವೆಯಲ್ಲಿ ಸುತ್ತು ಅಂದರೆ ಒಂದೇ. ಮೂವತ್ತೊಂದು ಶಿಖರಗಳನ್ನು ಒಂದು ರಾತ್ರಿ ಒಂದು ಹಗಲಿನೊಳಗೆ ಮುಟ್ಟಿ ಚರ್ಚಿನ ಮೆಟ್ಟಿಲಿಗೆ ವಾಪಸು ಬರಬೇಕು. ಮುಗಿಸಿದವರ ಹೆಸರು ಪಬ್ಬಿನ ಅಗ್ಗಿಷ್ಟಿಕೆಯ ಮೇಲಿನ ಹಲಗೆಗೆ ಏರುತ್ತದೆ. ಹಲಗೆಯಲ್ಲಿ ಹೆಸರಿದ್ದವರು ಶುಕ್ರವಾರ ಸಂಜೆ ಬೆಂಕಿಯ ಎದುರಿನ ಮೇಜಿಗೆ ಕೂರುತ್ತಾರೆ. ಬೇರೆಯವರು ಕೂರಬಾರದೆಂದು ಯಾರೂ ಹೇಳಿಲ್ಲ, ಯಾರೂ ಕೂರುವುದಿಲ್ಲ. ಆ ಮೇಜಿನಲ್ಲಿ ಕ್ಲೈವ್ ಬೇರೆಯೇ ಮನುಷ್ಯ. ಚೆಲ್ಲಿದ ಬಿಯರಿನಲ್ಲಿ ಬೆರಳಾಡಿಸಿ ದಾರಿ ಬರೆಯುವನು, ಮೇಜು ಕುಟ್ಟಿ ನಗುವನು, ಒಬ್ಬರ ಮಾತು ಕಸಿದು ತಾನು ಹೇಳುವನು. ಲಿನೆಟ್ ಹೆಂಗಸರ ಜೊತೆ ಕಿಟಕಿಯ ಪಕ್ಕ ಕೂತು ಇಪ್ಪತ್ತು ವರ್ಷ ಅದನ್ನು ನೋಡಿದ್ದಳು. ಅವಳಿಗೆ ಬೇಕಾದದ್ದು ಹಲಗೆಯಲ್ಲ, ಆ ಮೇಜಿನಲ್ಲೊಂದು ಕುರ್ಚಿ. ಅದಕ್ಕಾಗಿ ಮೂರು ಚಳಿಗಾಲ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೆಲಸ ಮುಗಿಸಿ, ತಲೆಗೆ ದೀಪ ಕಟ್ಟಿಕೊಂಡು ಒಬ್ಬಳೇ ಗುಡ್ಡ ಹತ್ತಿದ್ದಳು.

ಈ ಸುತ್ತಿಗೊಂದು ಕಟ್ಟಳೆಯಿದೆ. ಪ್ರತಿ ಶಿಖರವನ್ನು ಮುಟ್ಟಿದ್ದನ್ನು ಇನ್ನೊಬ್ಬರು ಕಣ್ಣಾರೆ ಕಂಡಿರಬೇಕು. ಕೈಗಡಿಯಾರದ ಜಿಪಿಎಸ್ ನಕ್ಷೆಯ ಮೇಲೆ ಎಳೆದ ಗೆರೆ ಸಾಕ್ಷಿಯಾಗಿ ನಡೆಯುವುದಿಲ್ಲ. ಕ್ಲೈವ್‌ನ ಮೊಣಕಾಲು ಕೆಟ್ಟಿತ್ತು. ಹಾಗಾಗಿ ಜೂನ್‌ನಲ್ಲಿ ಅವಳ ಸರದಿ ಬಂದಾಗ ಜೊತೆಗೆ ಓಡಿದವನು ಮೈದುನ ಐವರ್.

"ಅತ್ತಿಗೆ, ಕುರಿಗಳೂ ನಿಮ್ಮನ್ನ ದಾಟ್ಕೊಂಡು ಹೋಗ್ತಿವೆ ನೋಡಿ" ಎಂದು ಅವನು ಬೆಳಗಿನ ಜಾವ ನಗಿಸಿದ್ದ.

"ಅವಕ್ಕೆ ನಾಲ್ಕು ಕಾಲಿವೆ."

"ನಿಮಗೂ ಈಗ ನಾಲ್ಕೇ. ಆ ಬಂಡೆ ಹತ್ತುವಾಗ ನೋಡ್ದೆ."

ರೇವನ್ ನ್ಯಾಬ್ ಎಂಬ ಶಿಖರ ಬೆಟ್ಟಸಾಲಿನಿಂದ ಪಕ್ಕಕ್ಕೆ ಚಾಚಿದೆ. ಹೋದ ದಾರಿಯಲ್ಲೇ ಮರಳಬೇಕು. ಆದ್ದರಿಂದ ಎಲ್ಲರೂ ಚೀಲಗಳನ್ನು ಕೆಳಗಿನ ತಗ್ಗಿನಲ್ಲಿ ಇಳಿಸುತ್ತಾರೆ. ಜೊತೆಗಾರ ಅಲ್ಲೇ ನಿಂತು ನೋಡುತ್ತಾನೆ. ತಗ್ಗಿನಿಂದ ನೆತ್ತಿಯ ಕಲ್ಲುಗುಪ್ಪೆ ಕಾಣುವುದರಿಂದ ಸುತ್ತಿನ ಲೆಕ್ಕ ಇಡುವ ಕ್ಲಬ್ಬಿನವರು ಅದನ್ನು ಒಪ್ಪುತ್ತಾರೆ. ಕ್ಲೈವ್ ಹಾಗೇ ಮಾಡಿದ್ದ, ಅವನಪ್ಪನೂ ಹಾಗೇ.

ಐವರ್ ರೂಢಿಯಂತೆ ಚೀಲ ಇಳಿಸಿದ. "ಹೋಗ್ಬನ್ನಿ ಅತ್ತಿಗೆ, ಅಷ್ಟರಲ್ಲಿ ಅಕ್ಕಿ ಪಾಯಸದ ಡಬ್ಬಿ ಬಿಚ್ಚಿರ್ತೀನಿ." ಅವಳೂ ರೂಢಿಯಂತೆ ಹೊರಟಳು. ನೆತ್ತಿಯಲ್ಲಿ ಕಲ್ಲುಗುಪ್ಪೆಗೆ ಅಂಗೈ ಒತ್ತಿ ತಿರುಗಿದಾಗಲೇ ತಿಳಿದದ್ದು: ತಗ್ಗೂ ಇಲ್ಲ, ಐವರ್ ಕೂಡ ಇಲ್ಲ. ಸುತ್ತ ಬಿಳಿ ಮೋಡ. ಅವಳು ಕೂಗಿದಳು. ಗಾಳಿ ಅದನ್ನು ಬೇರೆಲ್ಲೋ ಒಯ್ದಿತು.

ಕೆಳಗಿಳಿದಾಗ ಐವರ್ ಚಮಚ ಹಿಡಿದು ಪೆಚ್ಚಾಗಿ ನಿಂತಿದ್ದ.

"ನಾನು ನೋಡ್ದೆ ಬಿಡಿ ಅತ್ತಿಗೆ."

"ನೋಡ್ದ್ಯಾ?"

"ನೋಡ್ದ ಹಾಗೇ."

ಇಬ್ಬರೂ ಇನ್ನೊಮ್ಮೆ ಹತ್ತಿ ಬರಬಹುದಿತ್ತು. ಅಷ್ಟು ಸಮಯ ಕೈಯಲ್ಲಿತ್ತು. ಅವಳ ತೊಡೆಗಳು ನಡುಗುತ್ತಿದ್ದವು. ಅವಳು ಪಾಯಸ ತಿಂದಳು, ಓಡಿದಳು.

ಮಧ್ಯಾಹ್ನ ರಸ್ತೆ ದಾಟುವಲ್ಲಿ ಕ್ಲೈವ್ ವ್ಯಾನಿನ ಹಿಂಬಾಗಿಲು ತೆರೆದು ಒಣ ಕಾಲುಚೀಲ, ಕುರಿಮಾಂಸದ ಸಾರು, ಮಡಚುವ ಕುರ್ಚಿ ಎಲ್ಲ ಸಿದ್ಧ ಮಾಡಿಟ್ಟಿದ್ದ. ಅವಳ ಕಾಲುಚೀಲ ಕಳಚಿದ. ಎರಡು ಉಗುರು ಅದರ ಜೊತೆಗೇ ಬಂದವು. ಅವನು ಅವನ್ನು ಹುಲ್ಲಿಗೆ ಕೊಡವಿ ಐವರ್‌ನ ಕಡೆ ನೋಡಿದ.

"ನ್ಯಾಬ್?"

"ಆಯ್ತು" ಎಂದ ಐವರ್.

"ಬೆಳಿಗ್ಗೆಯಿಂದ ಅದರ ತಲೆ ಮೋಡದಿಂದ ಆಚೆ ಬಂದಿಲ್ಲ. ಇಲ್ಲೇ ಕೂತು ನೋಡ್ತಾನೇ ಇದೀನಿ. ಜೊತೆಗೆ ಹತ್ತಿದ್ಯಾ?"

ಐವರ್ ಬೂಟಿನ ದಾರ ಬಿಗಿಮಾಡತೊಡಗಿದ.

"ನಿನ್ನನ್ನೇ ಕೇಳಿದ್ದು ಕಣೋ."

"ಅವನು ಹತ್ಲಿಲ್ಲ. ನಾನೊಬ್ಳೇ ಹೋಗಿದ್ದು" ಎಂದಳು ಲಿನೆಟ್.

ಕ್ಲೈವ್ ಅವಳ ಪಾದಕ್ಕೆ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಆಗ್ಲಿಲ್ಲ."

"ಅಣ್ಣ, ಕಲ್ಲು ಮುಟ್ಟಿದಾರೆ ಮಾರಾಯ! ಇನ್ನೇನು ಕಲ್ಲೇ ಬಂದು ಹೇಳ್ಬೇಕಾ?"

"ನೀನು ಸುಮ್ನಿರು. ಹೇಳ್ಬೇಕಾಗಿದ್ದೋನು ನೀನೇ."

"ನಾನು ಮೇಲೆ ಹೋಗಿದ್ದೆ, ಕ್ಲೈವ್" ಎಂದಳು ಅವಳು. "ನಂಬ್ತೀಯಾ?"

"ನಂಬ್ದೆ ಏನೇ? ಬೇರೆ ಯಾರಾದ್ರೂ ಹೀಗೆ ಬಂದಿದ್ರೆ ನಾನು ಏನಂತಿದ್ದೆ? ಅದನ್ನೇ ನಿನಗೂ ಹೇಳ್ಬೇಕು." ಅವನು ಹೊಸ ಕಾಲುಚೀಲ ಏರಿಸಿದ, ಮಡಿಕೆಯಿಲ್ಲದಂತೆ ಬೆರಳಿನಿಂದ ಸವರಿದ. ಅಷ್ಟು ಜೋಪಾನವಾಗಿ ಅವಳನ್ನು ಯಾರಾದರೂ ಮುಟ್ಟಿ ಬಹಳ ಕಾಲವಾಗಿತ್ತು. "ಇನ್ನು ಆರು ಇವೆ. ಅಭ್ಯಾಸ ಅಂತ ಓಡು. ಮುಂದಿನ ವರ್ಷಕ್ಕೆ ಆಗುತ್ತೆ."

ಸಾರು ಆರುತ್ತಿತ್ತು. ಲಿನೆಟ್ ಎದ್ದಳು. ಐವರ್ ಚೀಲ ಹೆಗಲಿಗೇರಿಸಿದ.

"ನೀನು ಬೇಡ" ಎಂದಳು. "ಇನ್ನು ನೋಡೋದಕ್ಕೇನಿದೆ?"

ಆ ಆರು ಗುಡ್ಡಗಳನ್ನು ಅವಳು ಒಬ್ಬಳೇ ಮುಗಿಸಿದಳು. ಮೋಡ ಬಿಟ್ಟಿತ್ತು. ಕೊನೆಯದರ ಮೇಲಿಂದ ಆಚೆ ಸಮುದ್ರ ತಗಡಿನ ಹಾಗೆ ಹೊಳೆಯುತ್ತಿತ್ತು. ಅವಳು ಅಲ್ಲಿ ಕೂತಳು, ಬೇಕೆಂದೇ ಕೂತಳು, ಮೈ ತಣ್ಣಗಾಗುವ ತನಕ. ಆದರೂ ಚರ್ಚಿನ ಮೆಟ್ಟಿಲಿಗೆ ಬಂದಾಗ ಅವಧಿಯೊಳಗೇ ಬಂದಿದ್ದಳು. ಕ್ಲೈವ್ ಕಂಬಳಿ ಹೊದಿಸಿ, ತೋಳು ಹಿಡಿದು ವ್ಯಾನಿಗೆ ಹತ್ತಿಸಿದ.

"ಮೇಲಿಂದ ಸಮುದ್ರ ಕಾಣ್ತಿತ್ತು" ಎಂದಳು.

"ಹೂಂ. ಮುಂದಿನ ಸಲ ನ್ಯಾಬ್‌ಗೆ ಇಬ್ಬರನ್ನ ಕಳಿಸ್ತೀನಿ. ಒಬ್ಬ ತಗ್ಗಲ್ಲಿ, ಒಬ್ಬ ಮೇಲೆ."

"ಮುಂದಿನ ಸಲ ಇಲ್ಲ."

ಅವನು ಗೇರ್ ಹಾಕಿದ. ತಿರುವಿನಲ್ಲಿ ವ್ಯಾನ್ ತಿರುಗಿಸಿದ. "ಸರಿ" ಎಂದ.

ಆ ಶುಕ್ರವಾರವೂ ಅವನು ಪಬ್ಬಿಗೆ ಹೋದ. ಅವಳು ಹೋಗಲಿಲ್ಲ. ಅವಳ ಕೈಬಿಟ್ಟು ಹೋದದ್ದು ಇಷ್ಟೇ: ಮೂವತ್ತೊಂದರಲ್ಲಿ ಒಂದು ಶಿಖರ, ಎರಡು ಕಾಲುಗುರು, ಮೂರು ಚಳಿಗಾಲ.