ಉಪ್ಪು ನೀರಿಗೆ ಅಂಜದ ಬೇರು

ಆ ವರ್ಷವೂ ಕಿತ್ತಳೆ ಎಲೆಗಳು ಅಂಚು ಸುಟ್ಟಂತಾಗಿ ಉದುರತೊಡಗಿದವು. ಅತ್ತೆ, ಸೊಸೆ ಇಬ್ಬರೇ ನೋಡಿಕೊಳ್ಳುತ್ತಿದ್ದ ತೋಟವದು. ಬಾವಿಯ ನೀರು ಈಚೆಗೆ ಉಪ್ಪಾಗಿತ್ತು. ಎರಡು ಸಲ ನೆಟ್ಟ ಸಸಿಗಳೂ ಸತ್ತಿದ್ದವು. ಅತ್ತೆ ಹಟ ಹಿಡಿದು ಇನ್ನಷ್ಟು ನೀರು ಹಾಯಿಸಿದರು. ಮಣ್ಣಿನ ಮೇಲೆ ಉಪ್ಪಿನ ಬಿಳಿ ಪುಡಿ ಕಾಣಿಸಿತು.

ಹೊಸ ಸಸಿಗೆ ಜಾಗ ಮಾಡಲೆಂದು ಅತ್ತೆ ಬೇಲಿ ಪಕ್ಕದ ಹುಳಿ ಕಿತ್ತಳೆ ಮರಕ್ಕೆ ಕೊಡಲಿ ಎತ್ತಿದರು. ಸರಿಯಾಗಿ ಆ ಹೊತ್ತಿಗೆ ಸೊಸೆ ನರ್ಸರಿಯ ಕಸಿಯಕ್ಕನನ್ನು ಕರೆತಂದಳು. ಕಸಿ ಕಟ್ಟುವುದರಲ್ಲಿ ಪಳಗಿದ ಕೈ, ಅದಕ್ಕೇ ಆ ಹೆಸರು.

"ಅಮ್ಮಾ, ನಿಲ್ಲಿ! ಇದಕ್ಕೆ ಯಾವ ನೀರು?" ಕಸಿಯಕ್ಕ ಕೇಳಿದಳು.

"ಅದೇ ಬಾವಿದು, ಕಾಲುವೇಲಿ ಹರಿದು ಮಿಕ್ಕಿದ್ದು. ಹಣ್ಣು ಬಾಯಿಗಿಟ್ರೆ ಮುಖ ಹಿಂಡುತ್ತೆ. ಇದನ್ನ ಇಟ್ಕೊಂಡು ಏನ್ಮಾಡ್ಲಿ?"

"ಎಲೆ ನೋಡಿ, ಒಂದಾದ್ರೂ ಸುಟ್ಟಿದೆಯಾ?"

ಅತ್ತೆ ನೋಡಿದರು. ಮರವಿಡೀ ಹಸಿರು.

"ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ. ಇದು ಉಪ್ಪು ತಿಂದೂ ಹಸಿರಾಗಿದೆ, ಇದ್ಯಾವ ಮಾಯ?"

"ಮಾಯ ಅಲ್ಲಮ್ಮ, ಜೀನು. ಮರ ಹೇಗೆ ಬದುಕಬೇಕು ಅನ್ನೋ ಸೂಚನೆ, ಹುಟ್ಟುತ್ತಲೇ ಬಂದದ್ದು. ಉಪ್ಪು ತಾಗಿದ್ರೆ ಕೆಲವು ಜೀನು ಚುರುಕಾಗ್ತವೆ. ಬೇರು ಉಪ್ಪನ್ನ ಮೇಲಕ್ಕೆ ಬಿಡದೆ ತಡೆಯುತ್ತೆ. ನುಸುಳಿದ್ದನ್ನ ಜೀವಕೋಶದೊಳಗಿನ ಪುಟ್ಟ ಚೀಲದಲ್ಲಿ ಕೂಡಿಹಾಕುತ್ತೆ. ನೀರು ಕಮ್ಮಿಯಾದ್ರೆ ಬೇರು ಎಲೆಗೆ ಸುದ್ದಿ ಕಳಿಸುತ್ತೆ. ಎಲೆ ತನ್ನ ಸಣ್ಣ ಸಣ್ಣ ಬಾಯಿ ಮುಚ್ಚಿ ಇದ್ದ ತೇವ ಉಳಿಸ್ಕೊಳ್ಳುತ್ತೆ."

ಅತ್ತೆ ಕೊಡಲಿ ಕೆಳಗಿಟ್ಟು ಕಾಂಡದ ಮೇಲೆ ಅಂಗೈ ಊರಿದರು. "ಸದ್ದಿಲ್ಲದೆ ನಿಂತ ಮರದೊಳಗೆ ಇಷ್ಟೆಲ್ಲ ನಡೀತಿದೆಯಾ!"

"ನಮ್ಮ ಸಿಹಿ ಮರಕ್ಕೆ ಆ ಜೀನು ಇಲ್ವಾ ಅಕ್ಕಾ?" ಸೊಸೆ ಕೇಳಿದಳು.

"ಇವೆ. ಇದರಷ್ಟು ಚುರುಕಿಲ್ಲ. ಈ ಹುಳಿ ಮರದ ಬೀಜದ ಸಸಿಗೆ ನಿಮ್ಮ ಸಿಹಿ ಮರದ ಮೊಗ್ಗು ಕಸಿ ಕಟ್ಟೋಣ."

"ಹಣ್ಣು ಹುಳಿಯಾದ್ರೆ ನನ್ನ ಗತಿ?" ಅತ್ತೆ ಹುಬ್ಬು ಗಂಟಿಕ್ಕಿದರು.

"ಬೇರು ಇದರದ್ದು, ಹಣ್ಣು ನಿಮ್ಮ ಮರದ್ದೇ."

ಅತ್ತೆ ಪೂರ್ತಿ ನಂಬಲಿಲ್ಲ. ಕಸಿ ಚಿಗುರಿದ ಮೇಲೆ ಅದನ್ನೊಂದು ಕುಂಡದಲ್ಲಿ, ಪೇಟೆಯಿಂದ ತಂದ ಸಸಿಯನ್ನು ಇನ್ನೊಂದರಲ್ಲಿ ಇಟ್ಟು, ಎರಡಕ್ಕೂ ತಾವೇ ಅಳೆದು ಅದೇ ಬಾವಿ ನೀರು ಹಾಕಿದರು. ಮೂರು ತಿಂಗಳಲ್ಲಿ ಪೇಟೆಯ ಸಸಿ ಕಂದಿತು. ಕಸಿಯಲ್ಲಿ ಹೊಸ ಎಲೆ ಮೂಡಿತು. ಅತ್ತೆ ಕುಂಡದ ಪಕ್ಕ ಕೂತು ಆ ಎಲೆಗಳನ್ನು ಒಂದೊಂದಾಗಿ ಮುಟ್ಟಿದರು. ಕಣ್ಣು ಒದ್ದೆಯಾಗಿತ್ತು.

"ಅರವತ್ತು ವರ್ಷ ಮರಗಳ ಜೊತೆ ಬಾಳಿದೆ. ಇವತ್ತು ಪರಿಚಯ ಆಯ್ತು ನೋಡು," ಎಂದರು ಸೊಸೆಗೆ.

ತೋಟದಲ್ಲಿ ನೆಟ್ಟ ಆ ಕಸಿ ನಾಲ್ಕನೆಯ ವರ್ಷ ಹಣ್ಣು ಬಿಟ್ಟಿತು. ಮೊದಲ ತೊಳೆ ತಿಂದದ್ದು ಅತ್ತೆಯೇ. ಸಿಹಿ!

ನಿಮ್ಮ ಗಿಡದ ಎಲೆ ಅಂಚು ಸುಡುತ್ತಿದೆಯೇ? ಇನ್ನಷ್ಟು ನೀರು ಸುರಿಯುವ ಮೊದಲು ನೀರು, ಮಣ್ಣು ಪರೀಕ್ಷೆ ಮಾಡಿಸಿ. ಸಸಿ ಕೊಳ್ಳುವಾಗ ಹಣ್ಣಿನ ರುಚಿಯ ಜೊತೆಗೆ ಬೇರು ಯಾವ ತಳಿಯದ್ದೆಂದೂ ವಿಚಾರಿಸಿ. ಎಂಥ ಬೇರಿಗೂ ತಾಳಿಕೆಗೆ ಮಿತಿಯಿದೆ. ನೀರು ನಿಲ್ಲದಂತೆ ಬಸಿದು ಹೋಗಲು ದಾರಿ ಮಾಡಿ. ಆರೈಕೆಯಿಲ್ಲದೆ ಬದುಕಿದ ಮರ ನಿಮ್ಮ ಬೇಲಿಯಲ್ಲೂ ಇದ್ದರೆ, ಕಡಿಯುವ ಮುನ್ನ ತಿಳಿದವರನ್ನು ಕರೆದು ತೋರಿಸಿ.