ಸೊನ್ನೆ ಮೂರರಿಂದ ಗೆದ್ದದ್ದು

ತಕ್ಕಡಿ ರಿಪೇರಿಯವನು ಸತ್ತು ಏಳೆಂಟು ತಿಂಗಳಾದ ಮೇಲೆ ಒಂದು ಸಂಜೆ ಅವನ ಹೆಂಡತಿಯನ್ನು ಹುಡುಕಿಕೊಂಡು ಸೆಲೂನಿನವನೊಬ್ಬ ಮನೆಗೆ ಬಂದ. ಅವಳು ಆಗಷ್ಟೇ ಆಸ್ಪತ್ರೆಯ ಲಾಂಡ್ರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ದಿನವಿಡೀ ಹಬೆಯಲ್ಲಿ ನಿಂತು ರೋಗಿಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳ ಮುಖ ಸಂಜೆ ಹೊತ್ತಿಗೆ ಬೇಯಿಸಿ ಇಳಿಸಿದ ಹಾಗಿರುತ್ತದೆ. ಅಂಥ ಹೊತ್ತಿನಲ್ಲಿ ಬಾಗಿಲಿಗೆ ಯಾರು ಬಂದರೂ ಅವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಅತ್ತಿಗೆ, ನಾನು ನಿಮ್ಮನೆಯವರ ಪಕ್ಕ ಕೂತು ಹಾಕಿ ಮ್ಯಾಚು ನೋಡ್ತಿದ್ದೋನು," ಎಂದ ಅವನು, ಹೊಸಿಲ ಆಚೆಯೇ ನಿಂತು. "ಅವರ ಸೀಟು ಹಾಗೇ ಇದೆ. ಈ ವರ್ಷದ ಪಾಸು ಇನ್ನೂ ಮುಗಿದಿಲ್ಲ. ನಾವು ಯಾರನ್ನೂ ಕೂರೋಕೆ ಬಿಟ್ಟಿಲ್ಲ, ಚೀಲ ಇಟ್ಟು ಕಾಯ್ತಿದೀವಿ. ಒಂದ್ಸಲ ಬಂದು ಕೂತು ಹೋಗಿ."

"ನಂಗೆ ಹಾಕಿ ಗೀಕಿ ಏನೂ ಗೊತ್ತಿಲ್ಲಪ್ಪ."

"ನಮಗೇನು ಗೊತ್ತು ಅಂದ್ಕೊಂಡ್ರಾ? ಸುಮ್ನೆ ಕಿರುಚೋಕೆ ಹೋಗ್ತೀವಿ," ಎಂದು ನಕ್ಕು ಅವನು ಹೊರಟುಹೋದ.

ಹೋಗಬೇಕೆಂದೇನೂ ಅವಳಿಗಿರಲಿಲ್ಲ. ಆದರೆ ಭಾನುವಾರ ಬಂತು. ಮದುವೆಯಾದ ಲಾಗಾಯ್ತು ಭಾನುವಾರ ಮಧ್ಯಾಹ್ನವೆಂದರೆ ಅವಳು ಒಬ್ಬಳೇ. ಗಂಡ ಊಟ ಮುಗಿಸಿ ಕೈ ಒರೆಸಿಕೊಂಡು "ಬರ್ತೀನಿ" ಎನ್ನುವನು. ಎಲ್ಲಿಗೆ ಎಂದು ಇವಳು ಕೇಳುವಂತಿರಲಿಲ್ಲ, ಗೊತ್ತೇ ಇತ್ತು. ಕತ್ತಲಾಗುವಾಗ ಬಂದು ಟವೆಲಿನಿಂದ ಕತ್ತು ಒರೆಸಿಕೊಳ್ಳುವನು. "ಗೆದ್ರಾ?" ಎಂದರೆ "ಹ್ಞೂಂ." "ಸೋತ್ರಾ?" ಎಂದರೂ "ಹ್ಞೂಂ." ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವ ಜಾತಿಯ ಮನುಷ್ಯ. ಕೆಟ್ಟವನಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ. ಅವಳಿಗೆ ಜ್ವರ ಬಂದರೆ ಔಷಧಿ ತಂದು ಮೇಜಿನ ಮೇಲಿಟ್ಟು ನೀರಿನ ಲೋಟವನ್ನು ಅದರ ಪಕ್ಕಕ್ಕೆ ಸರಿಸುತ್ತಿದ್ದ. ಕುಡಿ ಎಂದು ಮಾತ್ರ ಹೇಳುತ್ತಿರಲಿಲ್ಲ.

ಮೊದಲಿನ ಭಾನುವಾರಗಳೂ ಒಂಟಿಯೇ, ಈಗಿನವೂ ಒಂಟಿಯೇ. ಆದರೆ ಒಬ್ಬರಿಗಾಗಿ ಕಾಯುತ್ತ ಒಂಟಿಯಾಗಿರುವುದು ಬೇರೆ, ಕಾಯುವುದಕ್ಕೂ ಯಾರಿಲ್ಲದೆ ಒಂಟಿಯಾಗಿರುವುದು ಬೇರೆ ಎಂದು ಅವಳಿಗೆ ಈಗೀಗ ತಿಳಿದಿತ್ತು. ಒಗೆದದ್ದನ್ನೇ ಒಗೆದಳು, ಮಡಿಸಿದ್ದನ್ನೇ ಮಡಿಸಿದಳು. ಕೊನೆಗೆ ಅವನ ಕಪಾಟಿನಿಂದ ಪಾಸು ತೆಗೆದುಕೊಂಡು ಬಸ್ಸು ಹತ್ತಿದಳು.

ಮೈದಾನ ಮುಟ್ಟುವಷ್ಟರಲ್ಲಿ ಅರ್ಧ ಆಟ ಮುಗಿದು ಆಟಗಾರರು ಬೆಂಚಿನ ಕಡೆ ಹೋಗಿದ್ದರು. ಫಲಕದ ಮೇಲೆ ಕೆಂಪಂಗಿಯವರಿಗೆ ಸೊನ್ನೆ, ನೀಲಿಯಂಗಿಯವರಿಗೆ ಮೂರು. ಕೆಂಪಂಗಿಯವರು ಊರಿನವರು. ಜನ ಆಗಲೇ ಎದ್ದು ಹೊರಡುತ್ತಿದ್ದರು; ಅವಳೊಬ್ಬಳು ಎದುರು ಪ್ರವಾಹದಲ್ಲಿ ಈಜುವವಳ ಹಾಗೆ ಮೆಟ್ಟಿಲು ಹತ್ತಿದಳು. ಸೆಲೂನಿನವನು ಅವಳನ್ನು ಕಂಡವನೇ ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡು, ಅಂಗೈಯಿಂದ ಧೂಳು ಒರೆಸಿ, "ಬನ್ನಿ ಅತ್ತಿಗೆ, ಸಾವಿನ ಮನೆಗೇ ಬಂದ ಹಾಗೆ ಬಂದ್ರಿ," ಎಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಆ ಕಡೆ ಇನ್ನಿಬ್ಬರಿದ್ದರು. ಒಬ್ಬ ಕಾರು ಓಡಿಸಲು ಕಲಿಸುವವನು. ಪಕ್ಕದಲ್ಲಿ ಕೂತವರೆಲ್ಲ ತಪ್ಪೇ ಮಾಡುತ್ತಾರೆಂದು ನಂಬಿದ ಮನುಷ್ಯ. ಕೂತಲ್ಲೇ ಬಲಗಾಲಿನಿಂದ ಬ್ರೇಕು ಒತ್ತುವ ಅಭ್ಯಾಸ ಬೇರೆ. ಇನ್ನೊಬ್ಬಳು ಹಿಂದೆ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದ ಮುದುಕಿ, ಬಿದಿರಿನ ಹಾಗೆ ನೆಟ್ಟಗೆ ಕೂತವಳು. ಇಲ್ಲೊಬ್ಬ ಹೆಂಗಸೂ ಇದ್ದಳೇ ಎಂದು ಅವಳಿಗೆ ಒಂದು ಗಳಿಗೆ ಚುಚ್ಚಿದ ಹಾಗಾಯಿತು. ಮುದುಕಿ ತನ್ನ ಶಾಲಿನ ಒಂದು ತುದಿಯನ್ನು ತಣ್ಣಗಿದ್ದ ಸೀಟಿನ ಮೇಲೆ ಹಾಸಿದಳು.

ಆಮೇಲೆ ನಡೆದದ್ದನ್ನು ಊರೆಲ್ಲ ವಾರಗಟ್ಟಲೆ ಆಡಿಕೊಂಡಿತು. ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೇ ನೀಲಿಯವರಿಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ನಾಲ್ಕಾಯಿತು ಎಂದು ಎಲ್ಲರೂ ಲೆಕ್ಕ ಹಾಕಿಬಿಟ್ಟಿದ್ದರು; ಕೆಂಪಂಗಿಯವರ ಗೋಲು ಕಾಯುವ ಗೋಲಿ ಬಲಕ್ಕೆ ಹಾರಿ ಚೆಂಡನ್ನು ಕೈಯಿಂದ ತಳ್ಳಿದ. ಅಲ್ಲಿಂದ ಕೆಂಪಂಗಿಯವರ ಕಾಲಿಗೆ ಚಕ್ರ ಬಂತು. ಒಂದು ಗೋಲು ಪೆನಾಲ್ಟಿ ಕಾರ್ನರಿನಲ್ಲಿ, ಇನ್ನೊಂದು ಓಟದಲ್ಲಿ. ನೀಲಿಯವನೊಬ್ಬ ಕೋಲು ಅಡ್ಡ ಹಾಕಿ ಹಳದಿ ಕಾರ್ಡು ತಿಂದು ಹೊರಗೆ ಕೂತಾಗ ಮೂರನೆಯದು. ಕಡೇ ನಿಮಿಷದಲ್ಲಿ ಯಾರದೋ ಕಾಲು, ಯಾರದೋ ಕೋಲು, ಯಾರಿಗೂ ಸರಿಯಾಗಿ ಕಾಣದ ಹಾಗೆ ನಾಲ್ಕನೆಯದು. ಹೊರಗೆ ಹೋದವರು ಬಿದ್ದೆದ್ದು ಓಡಿ ಬಂದರು. ಸೆಲೂನಿನವನು ಅಪರಿಚಿತನೊಬ್ಬನನ್ನು ತಬ್ಬಿಕೊಂಡು ಅತ್ತ. ಅವಳು ಮಾತ್ರ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತೇ ಇದ್ದಳು. ಸುತ್ತ ಎಲ್ಲರೂ ಎದ್ದು ನಿಂತಾಗ ಕೂತವಳಿಗೆ ಬೆನ್ನುಗಳಲ್ಲದೆ ಬೇರೇನೂ ಕಾಣುವುದಿಲ್ಲ.

ಆಟ ಬಿಟ್ಟ ಮೇಲೆ ಎದುರಿನ ಕಾಫಿ ಅಂಗಡಿಯಲ್ಲಿ ಪಂಚಾಯಿತಿ ಸೇರಿತು.

"ಗೋಲಿ ಕಣ್ರೀ, ಗೋಲಿ!" ಸೆಲೂನಿನವನು ಮೇಜು ಗುದ್ದಿದ. "ಆ ಸ್ಟ್ರೋಕ್ ಒಳಗೆ ಹೋಗಿದ್ರೆ ಇಷ್ಟೊತ್ತಿಗೆ ಮನೇಲಿ ಹೊದ್ದು ಮಲಗಿರ್ತಿದ್ವಿ."

"ಗೋಲಿ ತಡೆದ, ಸರಿ. ಗೋಲು ಹೊಡೆದವನೂ ಅವನೇನಾ?" ಎಂದ ಡ್ರೈವಿಂಗ್ ಮೇಷ್ಟ್ರು. "ಕೋಚು ಆ ಎಡಗಡೆಯವನನ್ನ ಮುಂದಕ್ಕೆ ತಂದ ನೋಡು, ಅಲ್ಲಿ ಗೇರು ಬದಲಾಯ್ತು. ಅಲ್ಲಿವರೆಗೂ ಫಸ್ಟ್ ಗೇರಲ್ಲೇ ಗುರ್ ಗುರ್ ಅಂತಿತ್ತು ಗಾಡಿ."

"ಇಬ್ಬರಿಗೂ ಕಣ್ಣಿಲ್ಲ," ಎಂದಳು ಮುದುಕಿ. "ನೀಲಿಯವರಿಗೆ ಉಸಿರು ಹೋಗಿತ್ತು. ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ರು. ಸೊಂಟದ ಮೇಲೆ ಕೈ ಹೋಯ್ತು ಅಂದ್ರೆ ಆಟ ಹೋಯ್ತು ಅಂತ ನನ್ನ ಹುಡುಗಿಯರಿಗೆ ಬಾಯಿ ನೋಯೋವರೆಗೂ ಹೇಳ್ತಿದ್ದೆ."

"ಅದೆಲ್ಲ ಬಿಡಿ. ಅಸಲು ಕಾರಣ ನಾನು ಹೇಳ್ತೀನಿ." ಸೆಲೂನಿನವನು ಅವಳ ಕಡೆ ಕೈ ತೋರಿಸಿದ. "ಅತ್ತಿಗೆ ಬಂದು ಕೂತ್ರು, ಗೋಲಿ ಹಾರಿದ. ಖಾಲಿ ಸೀಟು ತುಂಬ್ತು. ಇಷ್ಟು ದಿನ ಸೋತಿದ್ದು ಯಾಕೆ? ಮೈಕ್ ಇಲ್ದೆ!"

ಮೂವರೂ ನಕ್ಕರು. ಅವಳು ಕೇಳಿದಳು: "ಮೈಕ್ ಯಾರು?"

ನಗು ನಿಂತಿತು. ಸೆಲೂನಿನವನು ಲೋಟ ಕೆಳಗಿಟ್ಟ.

"ನಿಮ್ಮನೆಯವರೇ, ಅತ್ತಿಗೆ. ನಾವೆಲ್ಲ ಮೈಕ್ ಅಂತಿದ್ವಿ. ಆ ಗಂಟಲು ನಿಮಗೆ ಗೊತ್ತಲ್ಲ?"

ಗೊತ್ತಿಲ್ಲ ಎಂದು ಅವಳು ಹೇಳಲಿಲ್ಲ. ಅವರು ಮಾತ್ರ ಕೆರೆ ಕಟ್ಟೆ ಒಡೆದ ಹಾಗೆ ಶುರು ಮಾಡಿದರು. ಎದುರಿನ ಗ್ಯಾಲರಿಗೂ ಕೇಳುವಂತೆ ಅವನು ಕೂಗುತ್ತಿದ್ದನಂತೆ. ಒಮ್ಮೆ ಅಂಪೈರಿಗೆ "ನಿನ್ನ ಕಣ್ಣು ತಂದ್ಕೊಡು, ತೂಕ ಸರಿ ಮಾಡಿ ಕೊಡ್ತೀನಿ!" ಎಂದು ಅರಚಿದ್ದಕ್ಕೆ ಅಂಪೈರೇ ನಕ್ಕುಬಿಟ್ಟಿದ್ದನಂತೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಅಡ್ಡಹೆಸರು ಇಟ್ಟಿದ್ದನಂತೆ. ಸೋತ ದಿನ ಇದೇ ಮೇಜಿನ ಸುತ್ತ ಎಲ್ಲರನ್ನೂ ಹೊಟ್ಟೆ ಹಿಡಿದುಕೊಳ್ಳುವಂತೆ ನಗಿಸಿಯೇ ಮನೆಗೆ ಕಳಿಸುತ್ತಿದ್ದನಂತೆ.

ಅವಳು ಕಾಫಿಯ ಮೇಲಿನ ಕೆನೆಯನ್ನು ಚಮಚದಿಂದ ಬದಿಗೆ ಸರಿಸುತ್ತ ಕೇಳಿದಳು. ಯಾರದೋ ಗಂಡನ ಕಥೆ ಕೇಳಿದ ಹಾಗಿತ್ತು. ಆ ಗಂಡ ಅವಳಿಗೆ ಇಷ್ಟವೂ ಆದ.

"ನನ್ನ ವಿಷಯ ಏನಾದ್ರೂ ಮಾತಾಡ್ತಿದ್ರಾ?"

"ಅಯ್ಯೋ, ಯಾವಾಗ್ಲೂ!" ಎಂದ ಸೆಲೂನಿನವನು, ಥಟ್ಟನೆ.

ಅವಳು ಮುದುಕಿಯ ಮುಖ ನೋಡಿದಳು. ಮುದುಕಿ, "ಇಲ್ಲಮ್ಮ," ಎಂದಳು. "ಮನೆ ಮಾತು ಆಡ್ತಿರ್ಲಿಲ್ಲ. ಆಟ ಮುಗಿದು ದೀಪ ಹಚ್ಚೋ ಹೊತ್ತಾದ್ರೆ ಮಾತ್ರ ಎದ್ದುಬಿಡ್ತಿದ್ದ, ಎಷ್ಟು ಹಿಡಿದು ಕೂರಿಸಿದ್ರೂ ಕೂರ್ತಿರ್ಲಿಲ್ಲ. ಅಷ್ಟು ನಂಗೆ ಗೊತ್ತು."

ಬಸ್ಸಿನಲ್ಲಿ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಇಳಿಯುವ ನಿಲ್ದಾಣ ಬಿಟ್ಟು ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು. ನಗಿಸುವ ಮನುಷ್ಯ ನನ್ನ ಮನೆಯಲ್ಲೇ ಇದ್ದ, ಮೂವರು ಪರರು ಅವನನ್ನು ಹಂಚಿಕೊಂಡು ಉಂಡರು, ನನ್ನ ಪಾಲಿಗೆ ಬಂದದ್ದು "ಹ್ಞೂಂ". ಬೀಗ ತೆಗೆದು ಒಳಗೆ ಹೋಗಿ ಅವನು ಕೂರುತ್ತಿದ್ದ ಕುರ್ಚಿಯ ಎದುರು ನಿಂತು, "ಏನ್ರೀ, ಇಲ್ಲಿ ಬಾಯಿಗೆ ಬೀಗ ಹಾಕಿದ್ದೋರು ಯಾರು? ನಾನಾ?" ಎಂದು ಜೋರಾಗಿಯೇ ಕೇಳಿದಳು. ಗೋಡೆ ಅವಳ ದನಿಯನ್ನು ಅವಳಿಗೇ ಹಿಂದಿರುಗಿಸಿತು. ತಾನು ತಾನಾಗಿ ಒಂದು ಭಾನುವಾರ "ನಾನೂ ಬರ್ತೀನಿ" ಎಂದಿದ್ದೆನೇ ಎಂದು ನೆನೆಸಿಕೊಂಡಳು. ಎಂದಿರಲಿಲ್ಲ. ಕರೆಯಲಿ ಎಂದು ಇವಳು, ಕೇಳಲಿ ಎಂದು ಅವನು; ನೀನು ಮೊದಲು, ನೀನು ಮೊದಲು ಎಂದು ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟಿದ್ದರೋ ಏನೋ. ಇನ್ನು ಅದನ್ನು ಯಾರನ್ನು ಕೇಳುವುದು?

ವಾರವೆಲ್ಲ ಲಾಂಡ್ರಿಯಲ್ಲಿ ಮನಸ್ಸು ನೆಟ್ಟಗಿರಲಿಲ್ಲ. ಒಂದು ಹಾಸಿಗೆ ಬಟ್ಟೆ ಸುಟ್ಟಳು. ಶನಿವಾರ ಸೆಲೂನಿನವನು ಫೋನು ಮಾಡಿ, "ಅತ್ತಿಗೆ, ತಪ್ಪು ತಿಳೀಬೇಡಿ, ನಾಳೆ ಅರ್ಧ ಆಟ ಆದ್ಮೇಲೇ ಬನ್ನಿ, ಹೋದ ಸಲದ ಥರ. ಅದೃಷ್ಟ ಅಲುಗಾಡಬಾರದು," ಎಂದ.

"ಬಂದ್ರೆ ಮೊದಲಿಂದಾನೇ ಬರ್ತೀನಿ," ಎಂದಳು. "ನಾನೇನು ತಾಯಿತಾನಾ?"

ಬಂದಳು. ಕೆಂಪಂಗಿಯವರು ಒಂದು ಗೋಲಿನಿಂದ ಸೋತರು. ಕಾಫಿ ಅಂಗಡಿಯಲ್ಲಿ ಆ ಸೋಲಿನ ಮಾತನ್ನು ಯಾರೂ ಎತ್ತಲಿಲ್ಲ. ಹಳೇ ಗೆಲುವನ್ನೇ ಮತ್ತೆ ಬಿಸಿ ಮಾಡಿ ಬಡಿಸಿಕೊಂಡರು. ಗೋಲಿ, ಗೇರು, ಸೊಂಟದ ಮೇಲಿನ ಕೈ. ಅವಳು ಸುಮ್ಮನೆ ಕೂತಿದ್ದವಳು ಇದ್ದಕ್ಕಿದ್ದಂತೆ ಬಾಯಿ ಹಾಕಿದಳು.

"ಅದ್ಯಾವುದೂ ಅಲ್ಲ. ನಾನು ಮೆಟ್ಟಿಲು ಹತ್ತುವಾಗ ನೋಡಿದೆ. ನಮ್ಮ ಕಡೆ ಹುಡುಗ ಒಬ್ಬ ಬೆಂಚಿನ ತುದೀಲಿ ತಲೆ ತಗ್ಗಿಸ್ಕೊಂಡು ಒಬ್ಬನೇ ಕೂತಿದ್ದ. ಕ್ಯಾಪ್ಟನ್ ಬಂದು ಅವನ ಪಕ್ಕ ಕೂತ. ಒಂದು ಮಾತೂ ಆಡ್ಲಿಲ್ಲ. ನೀರು ಕುಡಿದು ಬಾಟ್ಲಿ ಅವನ ಕೈಗೆ ಕೊಟ್ಟ. ಆಮೇಲೇ ಗೆದ್ದಿದ್ದು."

ಡ್ರೈವಿಂಗ್ ಮೇಷ್ಟ್ರು ಮೇಜಿನ ಕೆಳಗೆ ಬ್ರೇಕು ಒತ್ತಿದ. "ಏನ್ ಹೇಳ್ತಿದೀರಿ, ತಲೆ ಬುಡ ಇಲ್ದೆ! ಬಾಯಾರಿಕೆಗೆ ನೀರು ಕುಡಿದ್ರೆ ಗೋಲು ಆಗುತ್ತಾ? ಹಾಗಾದ್ರೆ ಕೋಚಿಗೆ ಕೆಲಸ ಏನು?"

"ಮಾತಾಡದೇ ಪಕ್ಕದಲ್ಲಿ ಕೂರೋದು ಅಂದ್ರೆ ಏನು ಅಂತ ನಿಮಗ್ಗೊತ್ತಾ?" ಎಂದಳು ಅವಳು. ದನಿ ತಾನಾಗಿ ಏರಿತ್ತು. "ನಂಗೊತ್ತು. ನನ್ನ ಹತ್ರ ಹೇಳಬೇಡಿ." ಅದು ಗಂಡನನ್ನು ಹೊಗಳಿದ್ದೋ ದೂರಿದ್ದೋ ಅವಳಿಗೇ ಸ್ಪಷ್ಟವಿರಲಿಲ್ಲ.

"ತಪ್ಪು. ನೂರಕ್ಕೆ ನೂರು ತಪ್ಪು," ಎಂದ ಮೇಷ್ಟ್ರು.

"ಆ ಹುಡುಗ ಆಮೇಲೆ ಆಡಲೇ ಇಲ್ವಲ್ಲಮ್ಮ, ಹೊರಗೇ ಇದ್ದ," ಎಂದಳು ಮುದುಕಿ.

"ಹೊರಗಿದ್ರೇನು? ಉಳಿದವರು ನೋಡಲಿಲ್ವಾ?"

"ಅತ್ತಿಗೆದು ಪಾಯಿಂಟು ಇದೆ," ಎಂದು ಸೆಲೂನಿನವನು ಪಕ್ಷ ಬದಲಿಸಿದ. ಅದಕ್ಕೆ ಮೇಷ್ಟ್ರು ಅವನ ಮೇಲೆ ಬಿದ್ದ. ಮೂರು ಬಾಯಿ ನಾಲ್ಕಾಗಿ, ಅಂಗಡಿಯವನು ಬಂದು "ಸ್ವಲ್ಪ ಮೆತ್ತಗೆ" ಎಂದು ಹೇಳಿಹೋದ. ನೀನು ಹೇಳಿದ್ದು ತಪ್ಪು ಎಂದು ಯಾರಾದರೂ ತನ್ನೊಂದಿಗೆ ಜಗಳಕ್ಕೆ ನಿಂತು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಾಗಲಿಲ್ಲ. ಕಿವಿ ಬಿಸಿಯಾಗಿತ್ತು. ಸೋಲೊಪ್ಪದೆ ಇನ್ನೊಂದು ಕಾಫಿ ಹೇಳಿದಳು.

ಹೊರಗೆ ದೀಪ ಹತ್ತಿತು. ಮೂವರೂ ಮೂರು ದಾರಿ ಹಿಡಿದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಅವಳು ಕಿಟಕಿಗೆ ತಲೆಯಾನಿಸಿ, ಮೇಷ್ಟ್ರಿಗೆ ಕೊಡಬೇಕಿದ್ದ ಒಳ್ಳೆಯ ಉತ್ತರ ಈಗ ಹೊಳೆಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು. ಮನೆಗೆ ಹೋದ ಮೇಲೆ ಅದನ್ನು ಹೇಳಲು ಯಾರೂ ಇರಲಿಲ್ಲ. ಬರುವ ಭಾನುವಾರ ಹೇಳಿದರಾಯಿತು ಎಂದುಕೊಂಡು, ನಾಳೆಯ ಕೆಲಸಕ್ಕೆ ಬಟ್ಟೆ ತೆಗೆದಿಟ್ಟಳು.