ಆವರ್ತನ ಬಿಟ್ಟಾರ

ಕುರಿಗಳೆಲ್ಲ ಹೊಳೆಗೆ ಬೆನ್ನು ಮಾಡಿ ನಿಂತಿವೆ, ವಿಚಿತ್ರ, ಇಷ್ಟು ಹೊತ್ತಿಗೆ ಮರಳಿಗಿಳಿದು ನೀರಿನ ಗುಂಡಿಗಳ ಸುತ್ತ ಚದುರಬೇಕಾದವು ಈ ಎತ್ತರದ ಬಯಲಿನಲ್ಲಿ ಒಂದರ ಹೊಟ್ಟೆಗೊಂದು ಒತ್ತಿಕೊಂಡು ನಿಂತಿವೆ, ಬರೆದುಕೊಳ್ಳಿ ಮಕ್ಕಳೇ, ಕಸುಬು ಕುರಿ ಸಾಕಣೆ, ವರ್ಷದಲ್ಲಿ ಎಷ್ಟು ತಿಂಗಳು ಊರು ಬಿಟ್ಟಿರುತ್ತೀರಿ ಎಂದು ಕೇಳಿ, ಮಾನವ ಭೂಗೋಳವೆಂದರೆ ಇದೇ, ನೆಲಕ್ಕೆ ಮನುಷ್ಯ ಹೊಂದಿಕೊಂಡ ಬಗೆ — ಎಂಟನೆಯ ತರಗತಿಯ ಹನ್ನೆರಡು ಮಕ್ಕಳು ವಹಿ ಬಿಡಿಸಿಕೊಂಡು ಖಂಡಪ್ಪನ ಸುತ್ತ ಕುಳಿತಿದ್ದಾರೆ, ಖಂಡಪ್ಪ ಹೆಗಲ ಕಂಬಳಿ ಸರಿಮಾಡಿಕೊಳ್ಳುತ್ತ ಹೇಳುತ್ತಿದ್ದಾನೆ, ಆ ಕರಿ ಟಗರು ಬರ್ಕೋಬ್ಯಾಡ್ರಿ, ಅದು ನಂದಲ್ಲ, ಬೀರೋಬಾ ದ್ಯಾವರದು, ಅಮೋಲ್ ಕೇಳುತ್ತಾನೆ, ಬೀರೋಬಾನ ಕಸುಬು ಏನಂತ ಬರೀಲಿ ಕಾಕಾ, ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ನಗುತ್ತಲೇ ಕೇಳುತ್ತೇನೆ, ಇವತ್ತು ಕುರಿ ಯಾಕೆ ಹೊಳೆಗೆ ಇಳಿಸಿಲ್ಲ — ಆವರ್ತನ ಬಿಟ್ಟಾರಲ್ರಿ ಬಾಯಾರ, ಅದಕ್ಕ. ಆವರ್ತನ ಅಂದರೆ? ಖಂಡಪ್ಪ ಬಾಯಿ ತೆರೆದು ನನ್ನನ್ನೇ ನೋಡುತ್ತಾನೆ, ಭೂಗೋಲ ಕಲಸ್ತೀರಿ, ಆವರ್ತನ ಗೊತ್ತಿಲ್ಲೇನ್ರಿ? ಮ್ಯಾಲಿನ ಧರಣದ್ದು, ಡ್ಯಾಮಿಂದು, ಪಾಳಿ ನೀರ್ರಿ, ಹೊಳಿಗಿ ಬಿಡ್ತಾರಲ್ಲ, ನಿನ್ನಿ ರಿಕ್ಷಾಕ್ಕ ಭೋಂಗಾ ಕಟ್ಟಿ ಊರೆಲ್ಲ ಒದರ್ಯಾರ, ಇನ್ನೇನ್ ಬಂದ ಬಿಡ್ತದ —

ನೀರು. ಆವರ್ತನವೆಂದರೆ ನೀರು. ನನ್ನ ಕಾಲು ನನಗಿಂತ ಮೊದಲೇ ಎದ್ದಿದೆ, ಯಾರೂ ಇಲ್ಲಿಂದ ಕದಲಬೇಡಿ ಎಂದು ಮಕ್ಕಳಿಗೆ ಕೂಗಿ ಕಬ್ಬಿನ ನಡುವಿನ ಕಾಲುದಾರಿಗೆ ಬಿದ್ದಿದ್ದೇನೆ, ಸಾರಿಕಾ ಮತ್ತು ಸೋನಾಲಿ ಹೊಳೆಯಲ್ಲಿದ್ದಾರೆ, ನಾನೇ ನಿಲ್ಲಿಸಿ ಬಂದಿದ್ದೇನೆ, ನಾನೇ, ಪಾದ ಮುಳುಗುವಷ್ಟು ನೀರು ಮಾತ್ರ ಇತ್ತು, ಈ ತಿಂಗಳಲ್ಲಿ ಭೀಮೆ ಹೊಳೆಯಲ್ಲ, ಮರಳಿನ ಹಾಸಿಗೆ, ಅದಕ್ಕೇ ಇಬ್ಬರು ಸಾಕೆಂದುಕೊಂಡೆ, ನಡುಗಡ್ಡೆಯ ಪಕ್ಕದ ಹರಿವಿನ ಆಳ ಅಳೆಯಲು ಇಬ್ಬರು, ಊರಿನ ಕಸುಬು ಕೇಳಲು ಹನ್ನೆರಡು, ಪ್ರಾಕೃತಿಕ ಭೂಗೋಳ ಅಲ್ಲಿ, ಮಾನವ ಭೂಗೋಳ ಇಲ್ಲಿ, ಎರಡರ ನಡುವೆ ಅರ್ಧ ಕಿಲೋಮೀಟರ್ ಕಬ್ಬು, ಎಷ್ಟು ಚಂದದ ಯೋಜನೆ, ಹೆಡ್ಮಾಸ್ತರ ಶಾಂತಲಿಂಗಪ್ಪನವರು ಸಹಿ ಮಾಡುವಾಗ ಇಷ್ಟೇ ಹೇಳಿದ್ದರು, ಬಿಸಲಾಗ ಮಕ್ಕಳನ ಭಾಳ ಹೊತ್ತ ನಿಲ್ಲಸಬ್ಯಾಡ್ರಿ — ಬಿಸಿಲು ಎಂದರು, ನೀರು ಎನ್ನಲಿಲ್ಲ, ಎನ್ನುವುದೇಕೆ, ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವುದನ್ನು ಭೂಗೋಳದ ಬಾಯಾರಿಗೆ ಯಾರು ಹೇಳುತ್ತಾರೆ. ಕಬ್ಬಿನ ರವದಿ ಕೆನ್ನೆ ಕೊಯ್ಯುತ್ತಿದೆ. ಗಾಳಿಯ ಸದ್ದೋ, ನೀರಿನ ಸದ್ದೋ, ಕಬ್ಬಿನೊಳಗೆ ಎರಡೂ ಒಂದೇ.

ಹೇಳಿದ್ದಳು, ಸೋನಾಲಿ ಹೇಳಿದ್ದಳು, ನಿನ್ನೆ ಐದನೆಯ ತಾಸಿನಲ್ಲಿ ಎದ್ದು ನಿಂತು, ಬಾಯಾರ, ನಾಳಿ ಆವರ್ತನ ಅದರಿ, ಮತ್ತು ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದು, ತಿರುಗಿಯೂ ನೋಡದೆ, ಆವರ್ತನ ಅಲ್ಲ, ಆವರ್ತ ಮಾರುತ, ಅದು ಹನ್ನೊಂದನೇ ಪಾಠ, ಸೋಮವಾರ ಮಾಡೋಣ, ಕೂಡು — ತರಗತಿಯೆಲ್ಲ ನಕ್ಕಿತ್ತು, ಅವಳಿಗೆ ನಗುತ್ತಿದ್ದಾರೆಂದುಕೊಂಡೆ, ನಗಬಾರದು ಎಂದು ಗದರಿಸಿದೆ ಕೂಡ, ಅವರು ನನಗೆ ನಗುತ್ತಿದ್ದರು. ಸಂಜೆ ಅಕ್ಕಲಕೋಟೆಯ ಬಸ್ಸಿನ ಕಿಟಕಿಯಲ್ಲಿ ಕುಳಿತಾಗ ಆ ರಿಕ್ಷಾ ಹಾದುಹೋಯಿತು, ಭೋಂಗಾದ ಮರಾಠಿ ಗದ್ದಲದಲ್ಲಿ ಆ ಒಂದೇ ಶಬ್ದ ಕಿವಿಗೆ ಬಿತ್ತು, ಅರೆ, ನನ್ನ ಪಾಠದ ಶಬ್ದ ಎಂದು ಮುಗುಳ್ನಕ್ಕೆ, ದೇವರೇ, ಮುಗುಳ್ನಕ್ಕೆ. ನಾನು ಹುಟ್ಟಿದ್ದು ಇದೇ ಹೊಳೆಯ ಆಚೆ ದಂಡೆಯಲ್ಲಿ, ಇಂಡಿ ತಾಲೂಕಿನ ಕಡೆ, ಅಪ್ಪ ಅಂಗಳದಲ್ಲಿ ನಿಂತು ನೀರು ಬಿಟ್ಟಾರ, ಮೋಟಾರ್ ಮ್ಯಾಲ ತರ್ರಿ ಎಂದು ಕೂಗಿದರೆ ಓಣಿಯೆಲ್ಲ ಓಡುತ್ತಿತ್ತು, ಅಲ್ಲಿ ಅದು ಬರಿಯ ನೀರು, ನಕಾಶೆಯಲ್ಲಿ ಹೊಳೆಯ ನಡುವೆ ಚುಕ್ಕಿಯ ಗೆರೆ ಎಳೆದು ಇದು ಎರಡು ರಾಜ್ಯಗಳ ಗಡಿ ಎಂದು ಎಷ್ಟು ಸಲ ತೋರಿಸಿಲ್ಲ ಈ ಮಕ್ಕಳಿಗೆ, ಗಡಿಯ ಈಚೆಗೆ ಅದೇ ನೀರಿಗೆ ಬೇರೆ ಹೆಸರಿದೆ ಎಂದು ನನಗೆ ಯಾರೂ ತೋರಿಸಲಿಲ್ಲ, ಇಲ್ಲ, ತೋರಿಸಿದಳು, ಎದ್ದು ನಿಂತು ತೋರಿಸಿದಳು, ಕೂಡು ಎಂದೆ. ಖಂಡಪ್ಪ ಹಿಂದೆ ಓಡಿ ಬರುತ್ತಿದ್ದಾನೆ, ಅವನ ಚಪ್ಪಲಿಯ ಸದ್ದು, ಎಡಕ್ಕ ಹೊಳ್ಳರಿ, ಎಡಕ್ಕ, ನೆಟ್ಟಗ ಹೋದ್ರ ಬಾವಿ ಅದ —

ಕಬ್ಬು ಮುಗಿಯಿತು. ಬೆಳಿಗ್ಗೆ ಬಿಳಿಯಾಗಿದ್ದ ಮರಳು ಈಗ ಮಣ್ಣಿನ ಬಣ್ಣದಲ್ಲಿ ಚಲಿಸುತ್ತಿದೆ, ಅಂಚಿನಲ್ಲಿ ನೊರೆ, ನೊರೆಯ ಮೇಲೆ ಕಸ, ಒಣಗಿದ ಜಾಲಿ, ಒಂದು ಪ್ಲಾಸ್ಟಿಕ್ ಕೊಡ, ನಡುಗಡ್ಡೆ ಎಲ್ಲಿ, ನಡುಗಡ್ಡೆಯೇ ಇಲ್ಲ, ಸೋನಾಲಿ ದಂಡೆಯ ಮೇಲಿದ್ದಾಳೆ, ಮೊಣಕಾಲವರೆಗೆ ಒದ್ದೆಯಾಗಿ ಅಳುತ್ತಿದ್ದಾಳೆ, ಒಬ್ಬಳೇ ಇದ್ದಾಳೆ, ನಾ ಕರದೇರಿ ಬಾಯಾರ, ಆವರ್ತನ ಬಂತು ಬಾರಲೇ ಅಂತ ಕೈ ಹಿಡದು ಜಗ್ಗಿದೆ, ಆಕಿ ಬರವಲ್ಲಳು, ಬಾಯಾರ ಬರೂತನಕ ಕೋಲು ಬಿಡಬಾರ್ದು ಅಂತಾಳ, ನೀವಽ ಹೇಳೀರಂತ, ಬಿಟ್ಟರ ಅಳತಿ ತಪ್ಪತದಂತ — ಹೌದು, ನಾನೇ ಹೇಳಿದೆ, ಕೋಲು ನೆಟ್ಟಗೆ ಹಿಡಿ, ಏನೇ ಆದರೂ ಬಿಡಬೇಡ, ನಾನು ಬರುವವರೆಗೆ, ಸೋನಾಲಿ ಚಂಚಲೆಯೆಂದು ಅವಳಿಗೆ ವಹಿ, ಸಾರಿಕಾ ಹೇಳಿದ ಮಾತು ಕೇಳುವವಳೆಂದು ಅವಳಿಗೆ ಕೋಲು. ಅಗೋ ಅಲ್ಲಿ. ಬಿದಿರಿನ ಕೋಲು, ಒಂದೊಂದು ಅಡಿಗೆ ಒಂದೊಂದು ಪಟ್ಟಿ, ಕೆಂಪು, ಬಿಳಿ, ಕೆಂಪು, ಸೋಲಾಪುರದ ನವಿ ಪೇಠೆಯಲ್ಲಿ ನಾನೇ ತಂದ ಬಣ್ಣ, ದೂರದಿಂದಲೂ ಎಣಿಸಲು ಬರಬೇಕು ಎಂದು ಎರಡು ಸಲ ಬಳಿದದ್ದು, ಎಣಿಸಬಹುದು, ಆರು ಪಟ್ಟಿಗಳಲ್ಲಿ ಮೂರು ಮುಳುಗಿವೆ, ಸಾರಿಕಾ ಟೊಂಕದವರೆಗೆ ಮುಳುಗಿದ್ದಾಳೆ, ಬಲಗೈ ಮುಷ್ಟಿ ಕೋಲಿನ ಮೇಲೆ. ಬಿಡು, ಸಾರಿಕಾ, ಕೋಲು ಬಿಟ್ಟು ಬಾ, ಎಂದು ಕೂಗುತ್ತೇನೆ, ನೀರಿನ ಸದ್ದು ನನ್ನ ಮಾತನ್ನು ನನ್ನ ತುಟಿಯ ಮೇಲೆಯೇ ಒರೆಸಿಹಾಕುತ್ತದೆ, ಎರಡೂ ಕೈ ಬೀಸುತ್ತೇನೆ, ಅವಳಿಗೆ ಕಾಣಿಸಿತು, ಮುಖದಲ್ಲಿ ಸಮಾಧಾನ, ಬಾಯಾರ ಬಂದರು, ಅವಳು ಎಡಗೈ ಎತ್ತಿ ಬೆರಳು ತೋರಿಸುತ್ತಾಳೆ, ಮೂರು. ಮೂರನೇ ಪಟ್ಟಿ ಬಾಯಾರ ಎಂದು ನನಗೆ ವರದಿ ಒಪ್ಪಿಸುತ್ತಿದ್ದಾಳೆ.

ಖಂಡಪ್ಪ ಕಂಬಳಿ ಬಿಸಾಕಿ ಕೈಯ ಬಡಿಗೆಯಿಂದ ನೆಲ ಮುಟ್ಟಿ ನೋಡುತ್ತ ಇಳಿದಿದ್ದಾನೆ, ನಾನೂ ಇಳಿದಿದ್ದೇನೆ, ಕಾಲ ಕೆಳಗಿನ ಮರಳು ಜಾರುತ್ತಿದೆ, ಹರಿವು ಅಡಿಯನ್ನು ಕೊರೆಯುತ್ತದೆ ಮಕ್ಕಳೇ, ಇದಕ್ಕೆ ಸವೆತ ಎನ್ನುತ್ತಾರೆ, ಸೀರೆ ಕಾಲಿಗೆ ಸುತ್ತಿಕೊಂಡಿತು, ಖಂಡಪ್ಪ ತಿರುಗಿ ಬೈಯುತ್ತಾನೆ, ಅಲ್ಲೇ ನಿಂದರ್ರಿ, ನಿಮ್ಮನ ತರ್ಲೋ ಪೋರಿನ ತರ್ಲೋ, ನಿಲ್ಲುತ್ತೇನೆ, ಜಾಲಿಯ ಬೇರು ಹಿಡಿದು ನಿಲ್ಲುತ್ತೇನೆ, ಸೋನಾಲಿ ನನ್ನ ಸೆರಗು ಹಿಡಿದಿದ್ದಾಳೆ, ಅವನು ಎದೆಯ ಮಟ್ಟ, ಇನ್ನೂ ಹತ್ತು ಹೆಜ್ಜೆ, ನನ್ನ ಸಾರಿಕಾ, ಹದಿಮೂರು ವರ್ಷ, ಪರೀಕ್ಷೆಯ ಹಾಳೆಗೆ ಅಳತೆಪಟ್ಟಿ ಇಟ್ಟು ಅಂಚು ಎಳೆಯುವವಳು, ಬೆರಳು ಮತ್ತೆ ಮೇಲೇಳುತ್ತದೆ, ನಾಲ್ಕು, ಬೇಡ, ಎಣಿಸಬೇಡ ಮಗಾ, ಬಿಡು, ಮುಖ ಮರೆಯಾಯಿತು, ಕೂದಲು ಮಾತ್ರ, ಕೂದಲೂ ಇಲ್ಲ, ಕೋಲು ಓರೆಯಾಗಿದೆ, ಕೋಲಿನ ಮೇಲೆ ಮುಷ್ಟಿ, ನೀರಿನ ಮೇಲೆ ಬರಿಯ ಒಂದು ಮುಷ್ಟಿ — ಖಂಡಪ್ಪನ ತೋಳು. ಅವಳನ್ನು ಎತ್ತಿದ. ಕೋಲಿನ ಸಮೇತ ಎತ್ತಿದ. ಪಕ್ಕಕ್ಕೆ ಒತ್ತಿಕೊಂಡು ತರುತ್ತಿದ್ದಾನೆ, ಕೋಲು ಅಡ್ಡಾಗಿ ಪ್ರವಾಹಕ್ಕೆ ಸಿಕ್ಕಿ ಇಬ್ಬರನ್ನೂ ತಿರುಗಿಸುತ್ತಿದೆ, ಬಿಡಲೇ ಪೋರಿ, ಆ ಕೋಲು ಬಿಡು ಎಂದು ಅವನು ಗರ್ಜಿಸುತ್ತಾನೆ, ಅವಳು ಬಿಡುವುದಿಲ್ಲ, ಅವನು ಹೇಳಿದರೆ ಬಿಡುವುದಿಲ್ಲ.

ದಂಡೆ. ಮಣ್ಣಿನ ಮೇಲೆ ಮಲಗಿಸಿದ್ದೇವೆ, ಕೆಮ್ಮಿದಳು, ನೀರು ಕಾರಿದಳು, ಉಸಿರಿದೆ, ಎದೆ ಏಳುತ್ತಿದೆ, ಬೀಳುತ್ತಿದೆ, ಖಂಡಪ್ಪ ಕಂಬಳಿ ಹೊದಿಸಿ ಅಂಗಾಲು ತಿಕ್ಕುತ್ತಿದ್ದಾನೆ, ಸೋನಾಲಿ ಬಿಕ್ಕುತ್ತಲೇ ಹುಚ್ಚಿ, ಹುಚ್ಚಿ ಎಂದು ಬೈಯುತ್ತಿದ್ದಾಳೆ, ಬದುಕಿದ್ದಾಳೆ, ಅಂದಮೇಲೆ ಭಯ ಇಳಿಯಬೇಕಲ್ಲ, ಯಾಕೆ ಇಳಿಯುತ್ತಿಲ್ಲ, ಬಲಗೈ ಇನ್ನೂ ಕೋಲನ್ನು ಹಿಡಿದೇ ಇದೆ, ಹೆಬ್ಬೆರಳು ಬಿಡಿಸುತ್ತೇನೆ, ಮತ್ತೆ ಮುಚ್ಚಿಕೊಳ್ಳುತ್ತದೆ, ಕಿರುಬೆರಳು, ಮತ್ತೆ ಮುಚ್ಚಿಕೊಳ್ಳುತ್ತದೆ, ಬೆರಳ ಗೆಣ್ಣುಗಳು ಬೆಳ್ಳಗಾಗಿವೆ, ಅವಳು ಕಣ್ಣು ತೆರೆದು ನನ್ನ ಮುಖವನ್ನು ಹುಡುಕಿ, ಕಟಕಟಿಸುವ ಹಲ್ಲುಗಳ ನಡುವಿನಿಂದ ಕೇಳುತ್ತಾಳೆ, ಬಿಡ್ಲೇನ್ರಿ ಬಾಯಾರ? — ಬಿಡು ಎನ್ನಬೇಕು, ಒಂದೇ ಶಬ್ದ, ಬಿಡು, ಬಿಡು ಮಗಾ, ಶಬ್ದ ಹೊರಡುತ್ತಿಲ್ಲ, ಅವಳು ಕಾಯುತ್ತಿದ್ದಾಳೆ, ಬಿದಿರಿನ ಮೇಲೆ ಆ ಮುಷ್ಟಿ, ನಾಲ್ಕು ಬಿಳಿಯ ಗೆಣ್ಣು, ಆ ಮುಷ್ಟಿ, ಕೆಂಪು ಪಟ್ಟಿಯ ಮೇಲೆ ಆ ಮುಷ್ಟಿ